ಗಡಿಯಾರದ ನಾಟಕಕ್ಕೆ ಪಿಯಾನೊ ನುಡಿಸಿದ ಹದಿಮೂರು ವರ್ಷ

ನವೆಂಬರ್ 14, ಶುಕ್ರವಾರ. ಬೆಳಿಗ್ಗೆ 6.40ಕ್ಕೆ ಬರೆಯಲು ಕುಳಿತೆ. ಬಹ್ರೇನಿನ ಮಾಹೂಝ್, ಮೂರನೇ ಮಹಡಿ, ಊಟದ ಮೇಜು.

ನನಗೆ ಮೂವತ್ತೈದು ವರ್ಷ. ನಿವೃತ್ತಳಾಗಿದ್ದೇನೆ ಎಂದರೆ ಜನ ನಗುತ್ತಾರೆ. ಆದರೆ ನಾನು ಹದಿಮೂರು ವರ್ಷ ಮಾಡಿದ ಕೆಲಸ ನಮ್ಮ ಶಾಲೆಯಲ್ಲಿ ಈಗ ಇಲ್ಲ. ಕಳೆದ ಜೂನ್‌ನಲ್ಲಿ ಆ ಹುದ್ದೆಯನ್ನೇ ತೆಗೆದರು. ಕೆಲಸವೇ ನಿವೃತ್ತಿಯಾದ ಮೇಲೆ ಕೆಲಸದವಳು ಇನ್ನೇನಾಗಬೇಕು? ಈಗ ಒಂದು ದಂತ ಚಿಕಿತ್ಸಾಲಯದಲ್ಲಿ ರೋಗಿಗಳಿಗೆ ಸಮಯ ಕೊಡುವ ಕೆಲಸ ಮಾಡುತ್ತೇನೆ. ಅಲ್ಲಿಯೂ ಯಾರ ಸರದಿ ಯಾವಾಗ ಎಂದು ನೋಡುವುದೇ, ಹಾಗಾಗಿ ತೀರಾ ಬೇರೆ ಲೋಕವೇನಲ್ಲ.

ನನ್ನ ಕೆಲಸ ಹೀಗಿತ್ತು. ಈಸಾ ಟೌನಿನ ಒಂದು ಶಾಲೆಯಲ್ಲಿ ಸಂಗೀತ ನಾಟಕ ಆಡಿಸುವಾಗ ಅಭ್ಯಾಸಕ್ಕೂ ಪ್ರದರ್ಶನಕ್ಕೂ ಪಿಯಾನೊ ನುಡಿಸುವುದು. ಹಾಡುವವರು ಬೇರೆ, ನಿರ್ದೇಶಕರು ಬೇರೆ, ಚಪ್ಪಾಳೆ ಅವರಿಗೆ. ನಾನು ವೇದಿಕೆಯ ಎಡಗಡೆ ಪರದೆಯ ಪಕ್ಕ, ಸಣ್ಣ ದೀಪದ ಕೆಳಗೆ. ಒಂಬತ್ತು ನೋಟ್ ಪುಸ್ತಕಗಳ ದಿನಚರಿ ನನ್ನ ಬಳಿ ಇದೆ. ಅದರ ಪ್ರಕಾರ ಅಭ್ಯಾಸಗಳು 1,146, ಪ್ರದರ್ಶನಗಳು 61, ನಾನು ಮಾಡಿದ ದೊಡ್ಡ ತಪ್ಪುಗಳು ಎರಡು. ಚಿಕ್ಕ ತಪ್ಪುಗಳನ್ನು ಬರೆಯುವುದನ್ನು ಮೂರನೇ ಪುಸ್ತಕದಲ್ಲಿ ನಿಲ್ಲಿಸಿದ್ದೇನೆ. ಚರ್ಚಿನ ಗಾಯನವೃಂದದಲ್ಲೋ ನೃತ್ಯ ತರಗತಿಯಲ್ಲೋ ಕೀಬೋರ್ಡ್ ಹಿಡಿದು ಈ ದಾರಿಗೆ ಬರುವ ತಮ್ಮ ತಂಗಿಯರು ಇನ್ನೂ ಇದ್ದಾರೆ. ಇದು ಅವರಿಗಾಗಿ.

ಈ ಹದಿಮೂರು ವರ್ಷಗಳಲ್ಲಿ ಬಹುಪಾಲು ನಾನು ನುಡಿಸಿದ್ದು ಒಂದೇ ನಾಟಕವನ್ನು. ಅಮೆರಿಕದ ಹಳೆಯ, ಹೆಸರಾಂತ ಸಂಗೀತ ನಾಟಕ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಕ್ಕಿನವರು ನಮಗೆ ಕಳಿಸಿದ ಅನುಮತಿ ಪತ್ರದಲ್ಲಿ, ಪ್ರದರ್ಶನದ ಜಾಹೀರಾತು ಬಿಟ್ಟು ಬೇರೆಲ್ಲೂ ಹೆಸರು ಬಳಸಬಾರದು ಎಂಬ ಸಾಲಿದೆ, ಆ ಪತ್ರಕ್ಕೆ ಸಹಿ ಮಾಡಿದವರಲ್ಲಿ ನಾನೂ ಒಬ್ಬಳು. ನಾವೆಲ್ಲ ಅದನ್ನು ‘ಗಡಿಯಾರದ ನಾಟಕ’ ಎಂದೇ ಕರೆಯುತ್ತಿದ್ದೆವು. ಒಂದು ಸಣ್ಣ ರೈಲ್ವೆ ಊರು. ನಿಲ್ದಾಣದ ಗಡಿಯಾರ ನಿಂತುಹೋಗಿದೆ. ಅದನ್ನು ಸರಿಮಾಡಲು ಒಬ್ಬ ಬರುತ್ತಾನೆ. ಹೊಲಿಗೆ ಅಂಗಡಿಯ ಮೂವರು ಅಕ್ಕತಂಗಿಯರಲ್ಲಿ ನಡುವಿನವಳು ಅವನ ಜೊತೆ ಹೊರಟುಹೋಗುತ್ತಾಳೆ. ತಾಯಿ ಕಾಯುತ್ತಾಳೆ. ಹಾಡುಗಳು ಹತ್ತೊಂಬತ್ತು.

ಮೊದಲ ದೊಡ್ಡ ತಪ್ಪು ಮೊದಲ ವರ್ಷವೇ ಆಯಿತು. ನಮ್ಮದು ವಿದ್ಯುತ್ ಪಿಯಾನೊ. ಒಂದು ಬಟನ್ ಒತ್ತಿದರೆ ಇಡೀ ವಾದ್ಯದ ಶ್ರುತಿ ಮೇಲೆ ಕೆಳಗೆ ಆಗುತ್ತದೆ, ನಮ್ಮ ಬೆರಳುಗಳು ಅದೇ ಮನೆಗಳ, ಅಂದರೆ ಕೀಗಳ, ಮೇಲೆ ಇದ್ದರಾಯಿತು. ಗಡಿಯಾರದವನ ಹಾಡಿಗೆ ನಾಲ್ಕು ಮನೆ ಮೇಲೆ ಏರಿಸಿದ್ದೆ. ಇಳಿಸಲು ಮರೆತೆ. ಮುಂದಿನದು ಮೂರನೇ ಕ್ಲಾಸಿನ ನಲವತ್ತು ಮಕ್ಕಳ ಹಾಡು. ಮಕ್ಕಳು ಪಾಪ, ಪಿಯಾನೊ ಹೇಳಿದಲ್ಲಿಗೆ ಹತ್ತಿದರು. ಹತ್ತಿ ಹತ್ತಿ ಎರಡನೇ ಸಾಲಿಗೆ ಅರ್ಧ ಜನರ ದನಿ ಹೋಯಿತು, ಉಳಿದ ಅರ್ಧ ಜನ ಕಿರುಚಿದರು. ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಂದು ಮಗು ಕಿವಿ ಮುಚ್ಚಿಕೊಂಡದ್ದು ನನಗೆ ಇನ್ನೂ ಕಾಣುತ್ತದೆ.

ಸಂಗೀತ ವಿಭಾಗದ ಮುಖ್ಯಸ್ಥರು ಆಲ್ಬರ್ಟ್ ಸರ್. ಉಡುಪಿಯ ಕಡೆಯವರು, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ಸಿಲ್. ಪರದೆ ಬಿದ್ದ ಕೂಡಲೇ ಬಂದರು.

“ಎಂತ ಪ್ರೆಸಿಲ್ಲಾ ಅದು? ಮಕ್ಕಳನ್ನು ಹಾಡಿಸ್ಲಿಕ್ಕೆ ತಂದದ್ದಾ, ಮರ ಹತ್ತಿಸ್ಲಿಕ್ಕೆ ತಂದದ್ದಾ?”

“ಬಟನ್ ಮರೆತುಹೋಯ್ತು ಸರ್.”

“ಬಟನ್ನಿಗೆ ಮರೆವು ಇಲ್ಲ. ನಿನಗೆ ಉಂಟು.”

ಮರುದಿನ ಶಾಲೆಯ ನರ್ಸ್ ಹತ್ತಿರ ಗಾಯಕ್ಕೆ ಹಾಕುವ ಪ್ಲಾಸ್ಟರ್ ಕೇಳಿ ತಂದು ಆ ಬಟನ್ನಿನ ಮೇಲೆ ಅಂಟಿಸಿದರು. “ಇದು ಇಲ್ಲ ಅಂತ ತಿಳ್ಕೊ. ಹನ್ನೆರಡು ಮನೆ ಉಂಟು. ಹನ್ನೆರಡರಿಂದಲೂ ಹೊರಟು ನಡೀಲಿಕ್ಕೆ ಬರ್ಬೇಕು. ಕಾಲಿಗೆ ಗೊತ್ತಿರುವ ದಾರಿ ಕತ್ತಲೆಯಲ್ಲೂ ಸಿಗ್ತದೆ.”

ಆ ಪ್ಲಾಸ್ಟರ್ ಕೊನೆಯವರೆಗೂ ಅಲ್ಲೇ ಇತ್ತು. ಹತ್ತೊಂಬತ್ತು ಹಾಡು, ಒಂದೊಂದೂ ಹನ್ನೆರಡು ಶ್ರುತಿಗಳಲ್ಲಿ. ದಿನಚರಿಯಲ್ಲಿ ಚೌಕಗಳನ್ನು ಬರೆದು, ಒಂದೊಂದು ಕೈಗೆ ಬಂದಾಗ ಗೀಟು ಹಾಕುತ್ತಿದ್ದೆ. ಒಟ್ಟು 228 ಚೌಕ. ಕೊನೆಯದು ತುಂಬಲು ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಎಲ್ಲಕ್ಕಿಂತ ಕಷ್ಟ ಎಫ್ ಶಾರ್ಪ್. ಅದರಲ್ಲಿ ಬಹುಪಾಲು ಕಪ್ಪು ಮನೆಗಳು, ಬೆರಳು ಜಾರುತ್ತದೆ. “ಇದು ಯಾರಿಗೆ ಬೇಕು ಸರ್? ಯಾರೂ ಇದರಲ್ಲಿ ಹಾಡುವುದಿಲ್ಲ” ಎಂದು ಒಮ್ಮೆ ಕೇಳಿದೆ. “ಬೇಕಾಗುವ ದಿವಸ ಯಾರೂ ಮುಂಚೆ ಹೇಳಿ ಬರುವುದಿಲ್ಲ” ಎಂದರು.

ಅವರು ಕಲಿಸಿದ ಇನ್ನೊಂದು ವಿಷಯ ಯಾವ ಪುಸ್ತಕದಲ್ಲೂ ಇಲ್ಲ. ಹಾಡುವವರ ಬಾಯಿ ನೋಡಬಾರದು, ಭುಜ ನೋಡಬೇಕು. ಬಾಯಿ ತೆರೆಯುವ ಮೊದಲು ಉಸಿರು ಬರುತ್ತದೆ, ಉಸಿರು ಬಂದಾಗ ಭುಜ ಏಳುತ್ತದೆ. ಬಾಯಿ ನೋಡಿ ನುಡಿಸಿದರೆ ನೀವು ಯಾವಾಗಲೂ ಸ್ವಲ್ಪ ತಡ.

ಆ ನಾಟಕ ನನ್ನ ಕೈಯಲ್ಲಿ ಐದು ರೂಪ ಪಡೆದಿದೆ. ಶಾಲೆಯ ಪೂರ್ತಿ ಇಂಗ್ಲಿಷ್ ನಾಟಕ, ಚಿಕ್ಕ ಮಕ್ಕಳ ಒಂದು ಗಂಟೆಯ ನಾಟಕ, ಇಲ್ಲಿರುವ ಕರಾವಳಿಯ ನಮ್ಮವರ ಕೂಟವೊಂದಕ್ಕೆ ಮಾಡಿದ ಕೊಂಕಣಿ ಹಾಡುಗಳ ಸರಣಿ, ತುಳು ಪ್ರಹಸನ, ಕೊನೆಗೆ ಕನ್ನಡ ನಾಟಕ. ಕೊಂಕಣಿಗೂ ತುಳುವಿಗೂ ಅನುಮತಿ ಕೇಳಬೇಕೆಂದು ಆಗ ನಮಗೆ ಗೊತ್ತಿರಲಿಲ್ಲ. ಹೊಸಬರಿಗೆ ಹೇಳುತ್ತೇನೆ, ಕೇಳಿ. ಪದ ಬದಲಿಸಲೂ ಕೇಳಬೇಕು, ಶ್ರುತಿ ಬದಲಿಸಲೂ ಕೇಳಬೇಕು.

ಕೊಂಕಣಿಯಲ್ಲಿ ಅಕ್ಕತಂಗಿಯರ ಜಗಳದ ಹಾಡನ್ನು ರೋಸ್ ಹಾಡಾಗಿ ಮಾಡಿದೆವು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರವದು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಹಿರಿಯರು ನನ್ನ ಕೈ ಹಿಡಿದು, “ನಮ್ಮ ಅಜ್ಜಿ ಹಾಡ್ತಾ ಇದ್ದದ್ದು ಇದೇ ಹಾಡು, ಎಷ್ಟು ವರ್ಷ ಆಯ್ತು ಕೇಳದೆ” ಎಂದು ಕಣ್ಣೊರೆಸಿಕೊಂಡರು. ಅದು ಅಮೆರಿಕದ ಹಾಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಂದಿನ ದಿನಚರಿಯಲ್ಲಿ ‘ಹಾಡು ಊರು ಸೇರಿತು’ ಎಂದಷ್ಟೇ ಬರೆದಿದ್ದೇನೆ.

ತುಳು ಪ್ರಹಸನದ ಅಭ್ಯಾಸ ಬುದಯ್ಯ ಎಂಬ ಊರಿನ ಒಂದು ತೋಟದ ಮನೆಯಲ್ಲಿ. ವಾರವಿಡೀ ಆಫೀಸಿನಲ್ಲಿ ಇನ್‌ವಾಯ್ಸ್ ನೋಡುವ ಒಬ್ಬರು ನಿರ್ದೇಶಕರು. ಗಡಿಯಾರ ರಿಪೇರಿಯವನನ್ನು ಕೊಡೆ ರಿಪೇರಿಯವನನ್ನಾಗಿ ಮಾಡಿದರು. “ಗಡಿಯಾರದಲ್ಲಿ ಎಂತ ನಗು ಉಂಟು ಮಾರಾಯ್ತಿ? ಕೊಡೆ ಆದ್ರೆ ಉಲ್ಟಾ ಆದ್ರೂ ನಗ್ತಾರೆ” ಎಂದರು. ಬಹ್ರೇನಿನಲ್ಲಿ ಹದಿನಾಲ್ಕು ಕೊಡೆ ಹುಡುಕಲು ನಾಲ್ಕು ವಾರ ಬೇಕಾಯಿತು. ನಾನು ಎಡಗೈಯ ಟಿಕ್ ಟಿಕ್ ಬಿಟ್ಟು ಮಳೆ ಹನಿಯುವ ಹಾಗೆ ನುಡಿಸಿದೆ. ಕೊಡೆ ಉಲ್ಟಾ ಆಯಿತು, ಜನ ನಕ್ಕರು.

ಇನ್ನು ಕನ್ನಡದ ನಾಟಕ. ಇದನ್ನು ಹೇಳಲೆಂದೇ ನಾನು ಇಷ್ಟು ಬೇಗ ಎದ್ದದ್ದು.

ತಾಯಿ ಕಾಯುವ ಹಾಡಿಗೆ ಒಂದು ಕನ್ನಡ ರೂಪವಿದೆ ಎಂದು ನನಗೆ ಗೊತ್ತಾದದ್ದು ಸೆವ್ರಿನ್ ಆಂಟಿಯಿಂದ. ಅವರು ಮೂವತ್ತು ವರ್ಷ ಇಲ್ಲಿ ನರ್ಸ್ ಆಗಿದ್ದವರು, ನಮ್ಮ ಕಟ್ಟಡದಲ್ಲೇ ಕೆಳಗಿನ ಮನೆ. ಒಳ್ಳೆಯ ಹಾಡುಗಾರ್ತಿ. ಐದು ವರ್ಷದ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದನಿ ಕೆಳಗಿಳಿದು ಒರಟಾಯಿತು. ಗಾಯನವೃಂದದಲ್ಲಿ ಹಿಂದಿನ ಸಾಲಿಗೆ ಹೋದರು, ಆಮೇಲೆ ಹೋಗುವುದನ್ನೇ ಬಿಟ್ಟರು. ಒಂದು ದಿನ ಪ್ರಾರ್ಥನಾ ಪುಸ್ತಕದೊಳಗಿಂದ ಮಡಚಿದ ಕಾಗದ ತೆಗೆದು ತೋರಿಸಿದರು. ನರ್ಸಿಂಗ್ ಕಲಿಯುವಾಗ ಹಾಸ್ಟೆಲ್ಲಿನಲ್ಲಿ ಯಾರೋ ಸೀನಿಯರ್ ಬರೆದುಕೊಟ್ಟದ್ದಂತೆ. ನೀಲಿ ಶಾಯಿ, ದುಂಡು ಅಕ್ಷರ:

ಗಂಟೆ ಹೊಡೆದರೇನು ಮಗಳೇ, ದೀಪ ಹಚ್ಚಿಲ್ಲ,
ನೀ ಬರುವ ತನಕ ಈ ಮನೆಗೆ ಸಂಜೆ ಆಗಿಲ್ಲ.

ಹೀಗೆ ಎರಡು ಚರಣ. ಮೂರನೆಯದು ಕಾಗದದ ಮಡಿಕೆಯಲ್ಲಿ ಹರಿದುಹೋಗಿದೆ. “ಮೂರನೆಯದು ನೆನಪಿಲ್ಲವಾ ಆಂಟಿ?” ಎಂದರೆ, “ಆಗ ಹಾಡಿದ್ದೇ ಹಾಡಿದ್ದು, ಈಗ ತಲೆಯಲ್ಲಿ ಡ್ಯೂಟಿ ಚಾರ್ಟ್ ಮಾತ್ರ ಉಂಟು” ಎಂದು ನಕ್ಕರು. ಮೂರನೇ ಚರಣವನ್ನು ನಾನೇ ಬರೆದೆ. ಆ ಒಂದು ಹಾಡು ಹಿಡಿದುಕೊಂಡು ಉಳಿದವನ್ನೂ ಕನ್ನಡಕ್ಕೆ ತಂದೆವು. ಅನುಮತಿ ಬರಲು ಹನ್ನೊಂದು ತಿಂಗಳು. ಅಷ್ಟರಲ್ಲಿ ಆಂಟಿಗೆ ಕೆಲಸ ಮುಗಿದು ಊರಿಗೆ ಹೊರಡುವ ದಿನ ಗೊತ್ತಾಗಿತ್ತು, ಫೆಬ್ರವರಿ ಎರಡನೇ ವಾರ. ಜನವರಿ ಮೂರನೇ ಶುಕ್ರವಾರ ನಾಟಕ. ತಾಯಿಯ ಹಾಡು ಅವರದು ಎಂದು ನಾನು ಮನಸ್ಸಿನಲ್ಲೇ ಬರೆದಿಟ್ಟಿದ್ದೆ.

ಆಲ್ಬರ್ಟ್ ಸರ್ ಅಷ್ಟರಲ್ಲಿ ಊರಿಗೆ ಹೋಗಿಯಾಗಿತ್ತು. ಅವರ ಜಾಗಕ್ಕೆ ಬಂದವರು ಬೆಂಗಳೂರಿನ ಕಿರಣ್ ಸರ್. ಕೆಟ್ಟವರಲ್ಲ, ಚುರುಕಿನವರು. ಎಲ್ಲ ಹಾಡುಗಳಿಗೂ ಮೊದಲೇ ಧ್ವನಿಮುದ್ರಿಸಿದ ವಾದ್ಯಸಂಗೀತ, ಅಂದರೆ ಟ್ರ್ಯಾಕ್, ತರಿಸಿದರು. ನಲವತ್ತು ವಾದ್ಯಗಳ ಸದ್ದು ಒಂದು ಲ್ಯಾಪ್‌ಟಾಪಿನಿಂದ. ಕೇಳಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅನುಮತಿಯ ಪ್ರಕಾರ ಟ್ರ್ಯಾಕಿನ ಶ್ರುತಿ ಮುಟ್ಟುವ ಹಾಗಿಲ್ಲ. ತಾಯಿಯ ಹಾಡಿನ ಮೂಲ ಶ್ರುತಿ ಸಿ. ಆಂಟಿಗೆ ಬೇಕಾದದ್ದು ಅದಕ್ಕಿಂತ ಐದು ಮನೆ ಕೆಳಗಿನ ಜಿ. ಪಿಯಾನೊದಲ್ಲಿ ಮಾತ್ರ ಇಳಿಸಲು ನಾವು ಬೇರೆ ಒಪ್ಪಿಗೆ ಪಡೆದಿದ್ದೆವು.

“ನೋಡಿ ಪ್ರೆಸಿಲ್ಲಾ, ಟ್ರ್ಯಾಕ್ ಇರೋವಾಗ ಲೈವ್ ಯಾಕೆ? ಸುಮ್ನೆ ರಿಸ್ಕ್. ಟೆನ್ತ್ ಕ್ಲಾಸ್‌ನ ಒಂದು ಹುಡುಗಿ ಇದಾಳೆ, ಒರಿಜಿನಲ್ ಕೀನಲ್ಲೇ ಹಾಡ್ತಾಳೆ.”

“ಹಾಡ್ತಾಳೆ ಸರ್. ಆದ್ರೆ ಆ ತಾಯಿಗೆ ಹದಿನೈದು ವರ್ಷ ಆಗ್ತದೆ.”

ಅವರು ನಕ್ಕರು. ಸ್ವಲ್ಪ ಹೊತ್ತು ಪೆನ್ ತಿರುಗಿಸಿ ಹೇಳಿದರು: “ಓಕೆ. ಒಂದೇ ಒಂದು ಹಾಡು ಲೈವ್. ಆದ್ರೆ ಆ ದಿನದ ಟೈಮಿಂಗ್ ಪೂರ್ತಿ ನಿಮ್ಮ ರೆಸ್ಪಾನ್ಸಿಬಿಲಿಟಿ. ಎಲ್ಲಾದ್ರೂ ಎಡವಟ್ಟಾದ್ರೆ ನಾನು ಟ್ರ್ಯಾಕ್ ಹಾಕಿ ಮುಂದಿನ ಸೀನ್‌ಗೆ ಹೋಗ್ತೀನಿ. ಡೀಲ್?”

ಟೈಮಿಂಗ್ ಎಂದರೆ ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ನಾವು ಬಾಡಿಗೆಗೆ ಹಿಡಿದ ಸಭಾಂಗಣದ ಗೋಡೆಯಾಚೆಯೇ ಮಸೀದಿ. ಬಾಂಗ್ ಕೂಗುವಾಗ ಸಂಗೀತ ನಿಲ್ಲಬೇಕು. ಯಾರೂ ಬೋರ್ಡ್ ಹಾಕಿಲ್ಲ, ಯಾರೂ ಗದರಿಸುವುದಿಲ್ಲ, ಆದರೆ ಎಲ್ಲರೂ ನಿಲ್ಲಿಸುತ್ತಾರೆ. ಅಭ್ಯಾಸದಲ್ಲೂ ಹಾಗೆಯೇ: ಕೈ ಎತ್ತಿ ಮಡಿಲಿನಲ್ಲಿಟ್ಟು ಕೂರುವುದು. ಆದ್ದರಿಂದ ಸಂಜೆಯ ಬಾಂಗ್ ನಾಟಕದ ವಿರಾಮದಲ್ಲಿ ಬರುವ ಹಾಗೆ ಹೊಂದಿಸುವುದು ನನ್ನ ಕೆಲಸ. ಸಭಾಂಗಣ ನೋಡಿಕೊಳ್ಳುವ ಹಮೀದ್ ಭಾಯಿ, ಉಳ್ಳಾಲದವರು, ನಮಾಜಿನ ಸಮಯದ ಕಾರ್ಡ್ ಕೊಟ್ಟರು. “ತಾರೀಕು ನೋಡಿ ಬರೀರಿ ಅಕ್ಕ, ದಿವಸಾ ಸ್ವಲ್ಪ ಸ್ವಲ್ಪ ಬದಲಾಗ್ತದೆ” ಎಂದೂ ಹೇಳಿದರು. ಬಾಂಗ್ 5.09ಕ್ಕೆ. 3.45ಕ್ಕೆ ಆರಂಭ, 5.05ಕ್ಕೆ ವಿರಾಮ, 5.20ಕ್ಕೆ ಎರಡನೇ ಭಾಗ. ಅದರ ಮೊದಲ ಹಾಡೇ ಆಂಟಿಯದು. ನಿಮಿಷಕ್ಕೆ ನಿಮಿಷ ಬರೆದು, ಪ್ರತಿ ತೆಗೆದು, ಎಲ್ಲರಿಗೂ ಹಂಚಿದೆ. ಆ ಹಾಳೆಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಸಭಾಂಗಣದ ಹವಾನಿಯಂತ್ರಣ ಕೆಟ್ಟು ನಾಟಕ ಮೂರು ವಾರ ಮುಂದೆ ಹೋಯಿತು. ಫೆಬ್ರವರಿ ಮೊದಲ ಶುಕ್ರವಾರ. ನಾನು ಹಾಳೆಯ ಮೇಲಿನ ತಾರೀಕು ಬದಲಿಸಿದೆ. ಸಮಯ ಬದಲಿಸಲಿಲ್ಲ. ಹದಿಮೂರು ವರ್ಷ ದಿನಚರಿ ಬರೆದವಳು, ದಿನ ಉದ್ದವಾಗುತ್ತದೆ ಎಂಬುದನ್ನು ಮರೆತೆ. ಇದು ಎರಡನೇ ದೊಡ್ಡ ತಪ್ಪು.

ಈ ನಡುವೆ ಆಂಟಿ ಮತ್ತು ನಾನು ಅವರ ಮನೆಯಲ್ಲಿ ಇಪ್ಪತ್ತೇಳು ಸಲ ಅಭ್ಯಾಸ ಮಾಡಿದೆವು. ಸುತ್ತ ಅರ್ಧ ಕಟ್ಟಿದ ಪೆಟ್ಟಿಗೆಗಳು. ಅವರಿಗೆ ಒಂದೇ ಹೆದರಿಕೆ. “ನೀನು ಮೊದಲು ಸ್ವರ ಕೊಡ್ಬೇಕು ಮಗಾ. ಮೊದಲು ನನ್ನ ಗಂಟಲು ಕೇಳ್ತಿತ್ತು ನಾನು ಹೇಳಿದ್ದನ್ನು. ಈಗ ಅದಕ್ಕೆ ಇಷ್ಟ ಇದ್ದಲ್ಲಿಗೆ ಹೋಗ್ತದೆ.”

“ಕೊಡ್ತೇನೆ ಆಂಟಿ. ಸ್ವರ ಕೊಡದೆ ಯಾವತ್ತೂ ಹಾಡಿಸುವುದಿಲ್ಲ.”

“ಬಿಟ್ಟರೆ ನಾನು ಅಲ್ಲೇ ಕೂತು ಬಿಡ್ತೇನೆ ನೋಡು. ಊರಿಗೆ ಹೋಗಿ, ಗಲ್ಫಿನಲ್ಲಿ ಕೊನೆಗೆ ಏನು ಮಾಡಿದೆ ಅಂತ ಕೇಳಿದ್ರೆ, ಸ್ಟೇಜಿನಲ್ಲಿ ಕೂತೆ ಅಂತ ಹೇಳ್ಬೇಕು.” ನಕ್ಕರು, ಆದರೆ ಆ ನಗುವಿನ ಕೆಳಗೆ ನಗು ಇರಲಿಲ್ಲ. ಇದೊಂದು ಹಾಡು ಸರಿಯಾಗಿ ಹಾಡಿ ಹೋಗಬೇಕು ಎಂಬುದಷ್ಟೇ ಅವರ ಆಸೆ.

ಆ ಶುಕ್ರವಾರ 5.05ಕ್ಕೆ ವಿರಾಮ. ಹೊರಗೆ ಸಮೋಸ, ಚಾ, ಮಕ್ಕಳ ಗಲಾಟೆ. ಬಾಂಗ್ ಕೇಳಿಸಲಿಲ್ಲ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಹಮೀದ್ ಭಾಯಿ ಕಾರುಗಳನ್ನು ನಿಲ್ಲಿಸುವ ಕಡೆ ಇದ್ದರು. ನಮಾಜಿಗೆ ಹೋಗುವವರು ತಮ್ಮ ಫೋನ್ ನೋಡಿಕೊಂಡು, ಇನ್ನೂ ಸಮಯವಿದೆ ಎಂದು ಕುಳಿತಿದ್ದರು. ನಮಗೆ ಹೇಳಬೇಕು ಎಂದು ಅವರಿಗೆ ಹೇಗೆ ತಾನೇ ಗೊತ್ತಾಗಬೇಕು?

5.22. ಪರದೆ ಸರಿಯಿತು. ಹೊಲಿಗೆ ಯಂತ್ರದ ಪಕ್ಕ ಸೆವ್ರಿನ್ ಆಂಟಿ, ಬಿಳಿ ಕೂದಲು, ಬೂದು ಬಣ್ಣದ ಸೀರೆ. ನಾನು ಜಿ ಸ್ವರ ಕೊಟ್ಟೆ. ಅವರ ಭುಜ ಎದ್ದಿತು. ‘ಗಂಟೆ ಹೊಡೆದರೇನು ಮಗಳೇ’ ಎಂದು ಆ ಒರಟು ದನಿ ಹೊರಟಾಗ ಸಭೆ ಕೆಮ್ಮುವುದನ್ನು ನಿಲ್ಲಿಸಿತು. ಮೊದಲ ಚರಣ ಮುಗಿಯಿತು. ಎರಡನೆಯದೂ ಮುಗಿಯಿತು. ಮೂರಕ್ಕೆ ಹೋಗುವ ನಾಲ್ಕು ತಾಳದ ನಡುವೆ ಗೋಡೆಯಾಚೆಯಿಂದ ಬಾಂಗ್ ಎದ್ದಿತು.

ನನ್ನ ಕೈಗಳು ತಾವಾಗಿ ಮಡಿಲಿಗೆ ಬಂದವು. ಗಡಿಯಾರ ನೋಡಿದೆ, 5.26. ಆಗ ಎಲ್ಲವೂ ಅರ್ಥವಾಯಿತು. ಮೂರು ವಾರದಲ್ಲಿ ಸೂರ್ಯ ಮುಳುಗುವುದು ಹದಿನೇಳು ನಿಮಿಷ ತಡವಾಗಿತ್ತು.

ಸಭೆ ಸುಮ್ಮನೆ ಕುಳಿತಿತ್ತು. ಆಂಟಿ ಇದ್ದಲ್ಲೇ ನಿಂತಿದ್ದರು, ಒಂದು ಕೈ ಹೊಲಿಗೆ ಯಂತ್ರದ ಮೇಲೆ, ಬಾಗಿಲ ಕಡೆ ನೋಡುತ್ತ. ಮಗಳನ್ನು ಕಾಯುವ ತಾಯಿ ಹಾಗೆಯೇ ನಿಲ್ಲುತ್ತಾಳೆ. ಗೊತ್ತಿಲ್ಲದವರಿಗೆ ಅದು ನಾಟಕದ ಭಾಗವೇ ಎಂದು ಅನಿಸಿರಬೇಕು. ನನಗೆ ಮಾತ್ರ ಅವರ ಗಂಟಲಿನ ಯೋಚನೆ. ಸ್ವರ ಕೊಟ್ಟ ಮೇಲೆ ಇಷ್ಟು ಹೊತ್ತು ಯಾರ ಕಿವಿಯಲ್ಲೂ ಶ್ರುತಿ ನಿಲ್ಲುವುದಿಲ್ಲ. ಸಭಾಂಗಣದ ಹಿಂದೆ ಧ್ವನಿಯ ಮೇಜಿನ ಹತ್ತಿರ ಕಿರಣ್ ಸರ್ ಎದ್ದು ನಿಂತದ್ದು ಕಂಡಿತು. ಒಂದು ಬೆರಳು ಎತ್ತಿ ನನಗೆ ತೋರಿಸಿ, ಆ ಬೆರಳನ್ನು ಲ್ಯಾಪ್‌ಟಾಪಿನ ಮೇಲೆ ಇಟ್ಟರು. ಬಾಂಗ್ ಮುಗಿದ ಕೂಡಲೇ ಟ್ರ್ಯಾಕ್, ಮುಂದಿನ ದೃಶ್ಯ. ಒಪ್ಪಂದ ಅದೇ ಆಗಿತ್ತು, ತಪ್ಪು ನನ್ನದೇ.

ಬಾಂಗ್ ಮುಗಿಯಿತು. ಸ್ವರ ಕೊಡಲು ನಾನು ಕೈ ಎತ್ತುವಷ್ಟರಲ್ಲಿ ಆಂಟಿಯ ಭುಜ ಎದ್ದಿತು.

ಅವರು ನನಗಾಗಿ ಕಾಯಲಿಲ್ಲ. ಸ್ವರವಿಲ್ಲದೆ, ಒಬ್ಬರೇ, ಬಾಗಿಲ ಕಡೆ ನೋಡುತ್ತಲೇ ಶುರು ಮಾಡಿದರು. ಮೂರನೇ ಚರಣವನ್ನಲ್ಲ. ನಾನು ಬರೆದ ಸಾಲುಗಳು ಅವರ ತಲೆಯಿಂದ ಪೂರ್ತಿ ಹಾರಿಹೋಗಿದ್ದವು. ಮತ್ತೆ ಮೊದಲ ಚರಣ: ‘ಗಂಟೆ ಹೊಡೆದರೇನು ಮಗಳೇ...’ ಶ್ರುತಿ ಜಿ ಅಲ್ಲ, ಅದಕ್ಕಿಂತ ಒಂದು ಮನೆ ಕೆಳಗೆ. ಎಫ್ ಶಾರ್ಪ್.

ಪ್ಲಾಸ್ಟರ್ ಕೀಳಲು ಸಮಯವಿರಲಿಲ್ಲ, ನೆನಪೂ ಆಗಲಿಲ್ಲ. ‘ಮಗಳೇ’ ಎನ್ನುವ ಹೊತ್ತಿಗೆ ನನ್ನ ಬೆರಳುಗಳು ಕಪ್ಪು ಮನೆಗಳ ಮೇಲೆ ಇದ್ದವು. ಮೊದಲು ಎಡಗೈ ಒಂದೇ, ಮೆಲ್ಲಗೆ, ಅವರಿಗೆ ಗೊತ್ತಾಗದ ಹಾಗೆ. ಆಮೇಲೆ ಬಲಗೈ. ‘ಈ ಮನೆಗೆ ಸಂಜೆ ಆಗಿಲ್ಲ’ ಎಂಬ ಸಾಲಿಗೆ ಬಂದಾಗ ನಾವಿಬ್ಬರೂ ಒಟ್ಟಿಗಿದ್ದೆವು. ಕಿರಣ್ ಸರ್ ಬೆರಳು ತೆಗೆದು ಕೈ ಕಟ್ಟಿಕೊಂಡಿದ್ದರು.

ಕೊನೆಯ ಸ್ವರ ಹೋದ ಮೇಲೆ ಬಂದ ಚಪ್ಪಾಳೆಯ ಉದ್ದ ನಾನು ಅಳೆಯಲಿಲ್ಲ. ಅಳೆಯದೆ ಬಿಟ್ಟದ್ದು ಅದೊಂದೇ.

ನಾಟಕ ಮುಗಿದ ಮೇಲೆ ಕಿರಣ್ ಸರ್ ಪಿಯಾನೊ ಹತ್ತಿರ ಬಂದರು. ಬಯ್ಯುತ್ತಾರೆ ಎಂದುಕೊಂಡೆ.

“ಬಾಂಗ್ ಆದ್ಮೇಲೆ ಕೀ ಚೇಂಜ್ ಆಯ್ತಲ್ವಾ?”

“ಹೌದು ಸರ್. ಎಫ್ ಶಾರ್ಪ್.”

“ಟ್ರಾನ್ಸ್‌ಪೋಸ್ ಬಟನ್ ಯಾವಾಗ ಒತ್ತಿದ್ರಿ? ನಾನು ನೋಡ್ತಾನೇ ಇದ್ದೆ.”

ನಾನು ಪ್ಲಾಸ್ಟರ್ ತೋರಿಸಿದೆ. ಅಷ್ಟೂ ವರ್ಷದ ಕೊಳೆ ಹಿಡಿದು ಅದು ಕಂದು ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಆ ಟೈಮ್ ಶೀಟ್ ಬಗ್ಗೆ ನಾಳೆ ಬಯ್ತೀನಿ” ಎಂದು ಹೇಳಿ ಹೋದರು. ಮರುದಿನ ನಿಜವಾಗಿಯೂ ಬಯ್ದರು.

ಆಂಟಿ ಬಣ್ಣ ತೊಳೆಯುತ್ತಿದ್ದರು. ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದರು: “ಬಾಂಗಿನ ನಂತರ ನಿನ್ನನ್ನು ಕಾಯ್ಲಿಕ್ಕೆ ಧೈರ್ಯ ಸಾಲಲಿಲ್ಲ ಮಗಾ. ಕಾದ್ರೆ ಕೂತೇ ಬಿಡ್ತಿದ್ದೆ. ಶ್ರುತಿ ಎಲ್ಲಾದ್ರೂ ತಪ್ಪಿತಾ?”

“ಇಲ್ಲ ಆಂಟಿ.”

“ಸುಳ್ಳು ಹೇಳ್ಬೇಡ. ನಿನ್ನ ಪುಸ್ತಕದಲ್ಲಿ ಬರೀತಿ ಅಲ್ವಾ, ಎಂತ ಬರೀತಿ?”

ನನ್ನ ದಿನಚರಿಯಲ್ಲಿ ಪ್ರತಿ ಪ್ರದರ್ಶನಕ್ಕೂ ಒಂದು ಕಾಲಮು ಇದೆ: ಶ್ರುತಿ ತಪ್ಪಿದ್ದು ಎಷ್ಟು ಸಲ. ಅಂದು ಅಲ್ಲಿ ಸೊನ್ನೆ ಬರೆದಿದ್ದೇನೆ. ಅದು ದಯೆಯಿಂದ ಬರೆದದ್ದಲ್ಲ. ಪಿಯಾನೊದವರು ಹಾಡುವವರ ಜೊತೆಗಿದ್ದರೆ ಶ್ರುತಿ ತಪ್ಪುವುದಿಲ್ಲ, ಬದಲಾಗುತ್ತದೆ ಅಷ್ಟೆ. ಹೊಸಬರೇ, ಆ 228 ಚೌಕಗಳಲ್ಲಿ ನನಗೆ ಅತಿ ಬೇಡವೆನಿಸಿದ್ದು ಹದಿಮೂರು ವರ್ಷದಲ್ಲಿ ಒಂದೇ ಸಲ, ಒಂದು ಚರಣಕ್ಕೆ ಬೇಕಾಯಿತು. ಅಷ್ಟಕ್ಕಾಗಿ ಕಲಿತದ್ದು ಹೆಚ್ಚಾಯಿತು ಎಂದು ನನಗೆ ಅನಿಸುವುದಿಲ್ಲ.

ಆರು ದಿನದ ನಂತರ ಆಂಟಿ ಊರಿಗೆ ಹೋದರು. ಆ ಕಾಗದವನ್ನು ನನಗೆ ಕೊಟ್ಟು ಹೋಗಿದ್ದಾರೆ. ಅದೀಗ ಒಂಬತ್ತನೇ ನೋಟ್ ಪುಸ್ತಕದಲ್ಲಿದೆ. ನನ್ನ ಮೂರನೇ ಚರಣವನ್ನು ಇವತ್ತಿನವರೆಗೂ ಯಾವ ಸಭೆಯೂ ಕೇಳಿಲ್ಲ, ಅದು ಕೇಳಿಸುವುದೂ ಬೇಡ. ಅದರ ಜಾಗದಲ್ಲಿ ಇರಬೇಕಾದ್ದು ಬೇರೆಯೇ. ಮಂಗಳೂರಿನ ನರ್ಸಿಂಗ್ ಹಾಸ್ಟೆಲ್ಲುಗಳಲ್ಲಿ ಇದ್ದವರು, ಅಥವಾ ಅವರ ಮಕ್ಕಳು, ಇದನ್ನು ಓದಿದರೆ ಒಮ್ಮೆ ನೆನಪು ಮಾಡಿಕೊಳ್ಳಿ: ‘ಈ ಮನೆಗೆ ಸಂಜೆ ಆಗಿಲ್ಲ’ ಎಂಬ ಹಾಡಿನ ಮೂರನೇ ಚರಣ ಏನು? ನೀಲಿ ಶಾಯಿಯಲ್ಲಿ ದುಂಡಗೆ ಬರೆಯುತ್ತಿದ್ದ ಆ ಸೀನಿಯರ್ ಯಾರು? ಒಂದು ಸಾಲು ಗೊತ್ತಿದ್ದರೂ ಇದನ್ನು ಅಚ್ಚು ಹಾಕಿದ ಪ್ರಕಾಶಕರ ವಿಳಾಸಕ್ಕೆ ಬರೆಯಿರಿ. ಯಾವ ಶ್ರುತಿಯಲ್ಲಿ ಹಾಡುತ್ತಿದ್ದಿರಿ ಎಂಬುದನ್ನು ತಿಳಿಸಬೇಕಾಗಿಲ್ಲ.